ಗೋಬರ್ ಗ್ಯಾಸ್ ಒಲೆಗೆ ಸಿಲಿಂಡರ್ ಹಾಕುವ ಮೊದಲು

ಹೋದ ಮಳೆಗಾಲದಲ್ಲಿ ಹಾಲಾಡಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯ ಹಟ್ಟಿ ಖಾಲಿಯಾಯಿತು. ಚಿಕ್ಕಪ್ಪನಿಗೆ ಮಂಡಿನೋವು, ಹುಲ್ಲು ತರುವವರಿಲ್ಲ, ಮಗ ಬೆಂಗಳೂರಿನಲ್ಲಿ. ಇದ್ದ ಮೂರು ದನಗಳನ್ನೂ ಕೊಟ್ಟುಬಿಟ್ಟರು. ದನ ಹೋದ ಮೇಲೆ ಗೋಬರ್ ಗ್ಯಾಸ್ ಎಷ್ಟು ದಿನ ಬರುತ್ತದೆ? ಬೆಂಕಿ ದಿನಕ್ಕಿಷ್ಟು ಚಿಕ್ಕದಾಗುತ್ತಾ ಹೋಗಿ ಒಂದು ಬೆಳಿಗ್ಗೆ ಹತ್ತಲೇ ಇಲ್ಲ.

ಮನೆಯಲ್ಲಿ ಸಿಲಿಂಡರ್ ಇತ್ತು. ಅದರ ಒಲೆ ಹಳೆಯದು, ಒಂದು ನಾಬ್ ತಿರುಗುತ್ತಿರಲಿಲ್ಲ. ಗೋಬರ್ ಗ್ಯಾಸಿಗೆ ಇಟ್ಟುಕೊಂಡ ಒಲೆ ಚೆನ್ನಾಗಿತ್ತು. ಸ್ಟೀಲಿನದ್ದು, ಎರಡು ಬರ್ನರಿನದ್ದು, ನೋಡಲಿಕ್ಕೆ ಸಿಲಿಂಡರ್ ಒಲೆಯ ಹಾಗೆಯೇ. ಅದು ನಿಜವಾಗಿಯೂ ಸಿಲಿಂಡರ್ ಒಲೆಯೇ ಆಗಿತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಅದರ ಜೆಟ್ ಕೊರೆಸಿ ಗೋಬರ್ ಗ್ಯಾಸಿಗೆ ಹೊಂದಿಸಿದ್ದರು. ಕೊರೆಸಿದವರು ನಮ್ಮ ಅಜ್ಜ. ಅಜ್ಜ ಈಗ ಇಲ್ಲ. ಕೊರೆಸಿದ ಸಂಗತಿಯೂ ಯಾರಿಗೂ ನೆನಪಿಲ್ಲ.

ಪಕ್ಕದ ಮನೆಯ ಹುಡುಗ ಬಂದು ಸಿಲಿಂಡರಿನ ಟ್ಯೂಬನ್ನು ಈ ಒಲೆಗೆ ಸಿಕ್ಕಿಸಿ ಕೊಟ್ಟು ಹೋದ. ಚಿಕ್ಕಮ್ಮ ಗಂಜಿಗೆ ನೀರಿಡಲು ನಾಬ್ ತಿರುಗಿಸಿ ಲೈಟರ್ ಒತ್ತಿದರು.

"ಬೆಂಕಿ ತಲಿ ಮಟ್ಟ ಎದ್ದ್ ಬಂತ್ ಮಗಾ, ಎಂತ ಮಾಡ್ಕಂದೇ ಗೊತ್ತಾಯ್ಲ" ಎಂದರು ಆಮೇಲೆ ಫೋನಿನಲ್ಲಿ. ಹಳದಿ ಬೆಂಕಿ, ಮೇಲೆ ಕಪ್ಪು ಹೊಗೆ. ಒಲೆಯ ಮೇಲಿನ ಪ್ಲಾಸ್ಟಿಕ್ ಸ್ಟ್ಯಾಂಡ್ ಕರಗಿ ಬಾಗಿತು. ಹುಬ್ಬಿನ ಕೂದಲು ಸುಟ್ಟಿತು. ಅದೃಷ್ಟಕ್ಕೆ ಚಿಕ್ಕಮ್ಮ ಹಿಂದೆ ಸರಿದು, ಬಗ್ಗಿ ರೆಗ್ಯುಲೇಟರ್ ತಿರುಗಿಸಿದರು. ನೈಟಿಗೆ ಹಿಡಿದಿದ್ದರೆ ಇವತ್ತು ಈ ಬರಹದ ದಾಟಿಯೇ ಬೇರೆಯಾಗಿರುತ್ತಿತ್ತು.

ನಾನು ಇದನ್ನು ಬರೆಯುತ್ತಿರುವುದು ಆ ಹುಡುಗನನ್ನು ಬೈಯಲಿಕ್ಕಲ್ಲ. ಅವನು ಉಪಕಾರ ಮಾಡಲು ಬಂದವನು. ಎರಡು ಒಲೆ ನೋಡಲು ಒಂದೇ ಥರ ಇದ್ದರೆ ಒಳಗಿನ ತೂತು ಬೇರೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ನನ್ನ ತಕರಾರು ಬೇರೆ. ಒಲೆಯನ್ನು ಒಂದು ಗ್ಯಾಸಿನಿಂದ ಇನ್ನೊಂದಕ್ಕೆ ಬದಲಿಸುವ ಕೆಲಸವನ್ನು ನಾವು ಸೈಕಲ್ ಪಂಕ್ಚರ್ ಹಾಕುವಷ್ಟು ಸಸಾರ ಮಾಡಿಕೊಂಡಿದ್ದೇವೆ. ಬದಲಿಸುವಾಗ ಮಾತ್ರ ಯೋಚಿಸುತ್ತೇವೆ, ಹಿಂದಕ್ಕೆ ಬರುವಾಗ ಯೋಚಿಸುವುದಿಲ್ಲ. ಅಪಾಯ ಇರುವುದು ಹೆಚ್ಚಾಗಿ ಆ ಹಿಂದಕ್ಕೆ ಬರುವ ದಾರಿಯಲ್ಲಿ.

ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಒಲೆಯ ನಾಬಿನ ಹಿಂದೆ, ಬರ್ನರಿನ ಕೊಳವೆಯ ಬಾಯಿಯಲ್ಲಿ ಹಿತ್ತಾಳೆಯ ಒಂದು ಸಣ್ಣ ತಿರುಪು ಇರುತ್ತದೆ. ಅದರ ನಡುವೆ ಸೂಜಿಯ ತುದಿಯಷ್ಟು ತೂತು. ಅದೇ ಜೆಟ್. ಸಿಲಿಂಡರಿನ ಗ್ಯಾಸ್ ಈ ತೂತಿನಿಂದ ಜೋರಾಗಿ ಹೊರಗೆ ಬಂದು, ಬರುವಾಗ ಪಕ್ಕದಿಂದ ಗಾಳಿಯನ್ನು ಎಳೆದುಕೊಂಡು ಬರ್ನರಿಗೆ ಹೋಗುತ್ತದೆ. ಗ್ಯಾಸ್ ಮತ್ತು ಗಾಳಿ ಸರಿ ಬೆರೆತರೆ ನೀಲಿ ಬೆಂಕಿ. ಗಾಳಿ ಸಾಲದಿದ್ದರೆ ಹಳದಿ ಬೆಂಕಿ, ಪಾತ್ರೆಯ ತಳಕ್ಕೆ ಮಸಿ.

ಸಿಲಿಂಡರಿನ ಎಲ್‌ಪಿಜಿ ಬಹಳ ಗಟ್ಟಿ ಗ್ಯಾಸ್. ಒಂದು ಘನ ಮೀಟರ್ ಎಲ್‌ಪಿಜಿಯಲ್ಲಿ ಸುಮಾರು 25,000 ಕಿಲೋ ಕ್ಯಾಲೊರಿ ಶಾಖ ಇದೆ. ಅಷ್ಟೇ ಗೋಬರ್ ಗ್ಯಾಸಿನಲ್ಲಿ ಇರುವುದು 5,000ದ ಆಸುಪಾಸು. ಅಂದರೆ ಐದರಲ್ಲಿ ಒಂದು ಪಾಲು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ, ಇವೆರಡರ ನಡುವಿನದ್ದು, 9,000ದ ಸುತ್ತ. ಒತ್ತಡವೂ ಬೇರೆ ಬೇರೆ. ಸಿಲಿಂಡರಿನ ರೆಗ್ಯುಲೇಟರ್ ದಾಟಿದ ಗ್ಯಾಸಿನ ಒತ್ತಡ ಸುಮಾರು 30 ಮಿಲಿಬಾರ್. ಪಿಎನ್‌ಜಿ 21. ಗೋಬರ್ ಗ್ಯಾಸ್ ಒಲೆಗೆ ಬರುವಾಗ ಹತ್ತರ ಹತ್ತಿರ, ಕೆಲವೊಮ್ಮೆ ಅದಕ್ಕೂ ಕಡಿಮೆ.

ಶಾಖ ಕಡಿಮೆ, ಒತ್ತಡ ಕಡಿಮೆ. ಹಾಗಾದರೆ ಅದೇ ಪಾತ್ರೆ ಅದೇ ಹೊತ್ತಿಗೆ ಕುದಿಯಬೇಕಾದರೆ ಹೆಚ್ಚು ಗ್ಯಾಸ್ ಬರಬೇಕು, ಅಂದರೆ ತೂತು ದೊಡ್ಡದಾಗಬೇಕು. ಸಿಲಿಂಡರ್ ಒಲೆಯ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಚಿಕ್ಕದು. ಗೋಬರ್ ಗ್ಯಾಸ್ ಒಲೆಯದ್ದು ಎರಡು ಮಿಲಿಮೀಟರ್, ಅದಕ್ಕಿಂತ ಹೆಚ್ಚೂ ಇರಬಹುದು. ಎರಡು ಮಿಲಿಮೀಟರ್ ಎಂದರೆ ಎರಡು ಪಟ್ಟು ಎಂದು ಕಾಣುತ್ತದೆ. ಆದರೆ ಲೆಕ್ಕ ಹಾಗಲ್ಲ. 0.8 ಮಿಲಿಮೀಟರಿನ ತೂತನ್ನು 2 ಮಿಲಿಮೀಟರಿಗೆ ಕೊರೆದರೆ ಅದರ ಬಾಯಿ ಆರು ಪಟ್ಟಿಗಿಂತ ಹೆಚ್ಚು ಅಗಲವಾಗುತ್ತದೆ. ಅದೇ ತೂತಿಗೆ ಮತ್ತೆ ಸಿಲಿಂಡರ್ ಗ್ಯಾಸ್ ಬಿಟ್ಟರೆ ಮೊದಲು ಬರುತ್ತಿದ್ದ ಗ್ಯಾಸಿನ ಆರು ಪಟ್ಟು ಬರುತ್ತದೆ. ಚಿಕ್ಕಮ್ಮನ ಅಡುಗೆಮನೆಯಲ್ಲಿ ಆದದ್ದು ಅಷ್ಟೇ.

ಗಾಳಿಯ ಲೆಕ್ಕವನ್ನೂ ನೋಡಿ. ಒಂದು ಪಾಲು ಗೋಬರ್ ಗ್ಯಾಸ್ ಪೂರ್ತಿ ಉರಿಯಲು ಸುಮಾರು ಆರು ಪಾಲು ಗಾಳಿ ಸಾಕು. ಪಿಎನ್‌ಜಿಗೆ ಹತ್ತು. ಎಲ್‌ಪಿಜಿಗೆ 25ರಿಂದ 30 ಪಾಲು ಬೇಕು. ಅಷ್ಟು ಗಾಳಿ ಸಿಗದೆ ಉರಿದ ಗ್ಯಾಸ್ ಮಸಿ ಮಾಡುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಅದಕ್ಕೇ ಬಚ್ಚಲುಮನೆಯ ಗ್ಯಾಸ್ ಗೀಸರಿನ ಜೆಟ್ಟಿಗೆ ಊರಿನ ಮೆಕ್ಯಾನಿಕ್‌ನಿಂದ ಕೈ ಹಾಕಿಸಲೇಬಾರದು ಎನ್ನುತ್ತೇನೆ. ಒಲೆಯಲ್ಲಾದರೆ ಬೆಂಕಿ ಕಣ್ಣಿಗೆ ಕಾಣುತ್ತದೆ, ಗೀಸರಿನಲ್ಲಿ ಅದೂ ಇಲ್ಲ. ಬೇರೆ ಗ್ಯಾಸ್ ಬೇಕಾದರೆ ಬೇರೆ ಗೀಸರ್. ಇಲ್ಲದಿದ್ದರೆ ಮಡಲು, ತೆಂಗಿನ ಸಿಪ್ಪೆ ಹಾಕುವ ನಮ್ಮ ಹಂಡೆಯೇ ವಾಸಿ.

ಈಗ ಕೆಲವರು ಕೇಳಬಹುದು: ಗೋಬರ್ ಗ್ಯಾಸ್ ಎಲ್ಲಿ ಉಳಿದಿದೆ ಮಾರಾಯ್ರೆ, ಇದನ್ನೆಲ್ಲ ಈಗ ಯಾಕೆ ಹೇಳುವುದು?

ಉಳಿದಿಲ್ಲವೆಂದೇ ಹೇಳಬೇಕಾಗಿದೆ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕಿಲೋ ಸೆಗಣಿ ಬೇಕು. ಸಾಮಾನ್ಯ ಮನೆಗೆ ಹಾಕಿಸುವ ಎರಡು ಘನ ಮೀಟರಿನ ಗುಂಡಿಗೆ 50 ಕಿಲೋ. ಅದು ಸರಿಯಾಗಿ ತುಂಬಿದರೆ ದಿನಕ್ಕೆ ಹೆಚ್ಚುಕಡಿಮೆ 900 ಗ್ರಾಂ ಎಲ್‌ಪಿಜಿ ಉಳಿಯುತ್ತದೆ, ತಿಂಗಳಿಗೆ 14.2 ಕಿಲೋದ ಎರಡು ಸಿಲಿಂಡರಿಗೆ ಹತ್ತಿರ ಹತ್ತಿರ. ಕುಚ್ಚಲಕ್ಕಿ ಬೇಯಿಸುವ ನಮ್ಮ ಮನೆಗಳಿಗೆ ಇದು ಸಣ್ಣ ಉಳಿತಾಯ ಅಲ್ಲ. ಬೆಳ್ತಿಗೆ ಅನ್ನದ ಹಾಗೆ ಹತ್ತು ಹದಿನೈದು ನಿಮಿಷದಲ್ಲಿ ಇಳಿಸುವ ಅಕ್ಕಿಯಲ್ಲವಲ್ಲ ನಮ್ಮದು. ಆದರೆ 50 ಕಿಲೋ ಸೆಗಣಿಗೆ ನಾಲ್ಕೈದು ದನ ಬೇಕು, ಅವು ಹಟ್ಟಿಯಲ್ಲೇ ಕಟ್ಟಿದವು ಇರಬೇಕು. ಗುಡ್ಡೆಗೆ ಮೇಯಲು ಹೋಗುವ ಮಲೆನಾಡು ಗಿಡ್ಡದ ಸೆಗಣಿ ಅರ್ಧ ಗುಡ್ಡೆಯಲ್ಲೇ ಹೋಗುತ್ತದೆ. ಡೈರಿಗೆ ಹಾಲು ಹಾಕುವ ಮನೆಗಳಲ್ಲೂ ಈಗ ಒಂದೋ ಎರಡೋ ದನ. ಹಾಗಾಗಿ ಬಹಳ ಮನೆಗಳಲ್ಲಿ ಗೋಬರ್ ಗ್ಯಾಸ್ ಪೂರ್ತಿ ಸತ್ತಿಲ್ಲ, ಪೂರ್ತಿ ಬದುಕಿಯೂ ಇಲ್ಲ. ಬೆಳಿಗ್ಗೆ ಚಹಾಕ್ಕೆ, ದೋಸೆಗೆ ಸಾಕಾಗುತ್ತದೆ, ಮಧ್ಯಾಹ್ನದ ಅನ್ನಕ್ಕೆ ಸಿಲಿಂಡರ್. ಮಳೆಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಕಡಿಮೆ, ಪೈಪಿನಲ್ಲಿ ನೀರು ನಿಂತು ಬೆಂಕಿ ಕುಣಿಯುತ್ತದೆ. ಆಗ ಮತ್ತೆ ಸಿಲಿಂಡರ್.

ಈ ಅರ್ಧಂಬರ್ಧ ಸ್ಥಿತಿಯೇ ಅಪಾಯದ್ದು. ಗ್ಯಾಸ್ ಎರಡಿದ್ದು ಒಲೆ ಒಂದೇ ಆದಾಗ ನಮ್ಮವರು ಜುಗಾಡ್ ಹುಡುಕುತ್ತಾರೆ. ಕೆಲವು ಮನೆಗಳಲ್ಲಿ ನಾನೇ ನೋಡಿದ್ದೇನೆ: ಒಂದು ಕಡೆ ಗೋಬರ್ ಗ್ಯಾಸಿನ ಪೈಪು, ಇನ್ನೊಂದು ಕಡೆ ಸಿಲಿಂಡರಿನ ಟ್ಯೂಬು, ನಡುವೆ ಟೀ, ಎರಡಕ್ಕೂ ಒಂದೊಂದು ವಾಲ್ವ್. ಒಲೆಯ ಒಂದು ಬರ್ನರಿಗೆ ಕೊರೆದ ಜೆಟ್, ಇನ್ನೊಂದಕ್ಕೆ ಕೊರೆಯದ್ದು. "ಇದ್ ಗೋಬರ್ ಗ್ಯಾಸಿಂದ್, ಅದ್ ಸಿಲಿಂಡ್ರಿಂದ್" ಎಂದು ಮನೆಯ ಹೆಂಗಸರು ಬಾಯಿಪಾಠ ಇಟ್ಟುಕೊಂಡಿರುತ್ತಾರೆ. ಮನೆಗೆ ಬಂದ ಸೊಸೆಗೆ, ರಜೆಗೆ ಬಂದ ಮೊಮ್ಮಗಳಿಗೆ, ಸಮಾರಂಭದ ದಿನ ಕೈ ಜೋಡಿಸಲು ಬಂದ ನೆರೆಮನೆಯವರಿಗೆ ಆ ಪಾಠ ಗೊತ್ತಿರುವುದಿಲ್ಲ.

ಟೀ ಹಾಕಿದ ಮನೆಗಳಿಗೆ ಇನ್ನೊಂದು ಮಾತು. ಎರಡೂ ವಾಲ್ವ್ ತೆರೆದು ಮರೆತರೆ ಏನಾಗುತ್ತದೆ? ಸಿಲಿಂಡರಿನ ಒತ್ತಡ ಹೆಚ್ಚು, ಗೋಬರ್ ಗ್ಯಾಸಿನದ್ದು ಕಡಿಮೆ. ಸಿಲಿಂಡರಿನ ಗ್ಯಾಸ್ ಒಲೆಗೆ ಮಾತ್ರ ಬರದೆ ಹಿಂದಕ್ಕೆ ಗುಂಡಿಯ ಕಡೆಗೂ ತಳ್ಳಿಕೊಂಡು ಹೋಗುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ, ತಗ್ಗಿನಲ್ಲಿ, ಚರಂಡಿಯಲ್ಲಿ ಮಲಗಿರುತ್ತದೆ. ಹಟ್ಟಿಯ ಪಕ್ಕದ ಗುಂಡಿ ಅಂಥದೇ ತಗ್ಗು. ಅಲ್ಲಿ ಯಾರೋ ಬೀಡಿ ಹಚ್ಚಿದರೆ ಸಾಕು. ಈ ಟೀ ಜೋಡಣೆಯನ್ನು ನಾನು ಯಾವ ಷರತ್ತಿನಲ್ಲೂ ಒಪ್ಪುವುದಿಲ್ಲ. ಇದ್ದರೆ ಈ ವಾರವೇ ತೆಗೆಸಿ.

ಇನ್ನೂ ಒಂದು ಇದೆ, ಇದನ್ನು ರಿಪೇರಿಯವರೂ ಹೇಳುವುದಿಲ್ಲ. ಗೋಬರ್ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ಹಾಗಿನ ವಾಸನೆ ಅದರದ್ದೇ. ಅದು ತಾಮ್ರ, ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತದೆ. ಸಿಲಿಂಡರ್ ಒಲೆಯ ವಾಲ್ವು, ಜೆಟ್ಟು ಹೆಚ್ಚಾಗಿ ಹಿತ್ತಾಳೆಯವೇ. ಹತ್ತು ವರ್ಷ ಗೋಬರ್ ಗ್ಯಾಸಿನಲ್ಲಿ ಉರಿದ ಒಲೆಯ ವಾಲ್ವ್ ಕಡಿಮೆ ಒತ್ತಡದಲ್ಲಿ ಸೋರದೆ ಇರಬಹುದು. ಅದಕ್ಕೆ ಮೂರು ಪಟ್ಟು ಒತ್ತಡದ ಸಿಲಿಂಡರ್ ಗ್ಯಾಸ್ ಬಿಟ್ಟರೆ ಸೋರಿಕೆ ಶುರುವಾಗುತ್ತದೆ. ಹಾಗಾಗಿ ಜೆಟ್ ಮಾತ್ರ ಹೊಸದು ಹಾಕಿ ಹಳೆಯ ಒಲೆಯನ್ನೇ ಸಿಲಿಂಡರಿಗೆ ತಿರುಗಿಸುತ್ತೇನೆ ಎನ್ನುವವರಿಗೂ ನನ್ನ ಉತ್ತರ ಬೇಡ ಎಂದೇ.

ನನ್ನ ಅಭಿಪ್ರಾಯ ಇಷ್ಟೇ. ಗೋಬರ್ ಗ್ಯಾಸಿಗೆ ಗೋಬರ್ ಗ್ಯಾಸಿನದ್ದೇ ಒಲೆ, ಸಿಲಿಂಡರಿಗೆ ಸಿಲಿಂಡರಿನದ್ದೇ ಒಲೆ. ಐಎಸ್‌ಐ ಗುರುತಿನ ಹತ್ತಿರ ಇರುವ ಸಂಖ್ಯೆಯಲ್ಲಿ ಅದು ಗೊತ್ತಾಗುತ್ತದೆ. ಸಿಲಿಂಡರ್ ಒಲೆಗೆ ಐಎಸ್ 4246, ಗೋಬರ್ ಗ್ಯಾಸ್ ಒಲೆಗೆ ಐಎಸ್ 8749, ಪೈಪ್ ಗ್ಯಾಸ್ ಒಲೆಗೆ ಐಎಸ್ 17153. ಮೂರಕ್ಕೆ ಮೂರು ಬೇರೆ ಮಾನದಂಡ ಮಾಡಿಟ್ಟದ್ದು ಯಾರದ್ದೋ ಶೋಕಿಗಲ್ಲ.

ಇದಕ್ಕೆ ಬರುವ ಆಕ್ಷೇಪವೂ ಗೊತ್ತು. ಎರಡು ಒಲೆ ಇಡಲು ಕಟ್ಟೆ ಎಲ್ಲಿದೆ, ದುಡ್ಡು ಎಲ್ಲಿದೆ? ಎರಡೂ ನ್ಯಾಯವಾದ ಪ್ರಶ್ನೆ. ಗೋಬರ್ ಗ್ಯಾಸ್ ಗುಂಡಿಗೆ ಸರಕಾರದ ಸಹಾಯಧನ ಬಂದದ್ದು ಇವತ್ತು ನಿನ್ನೆಯಲ್ಲ. ರಾಷ್ಟ್ರೀಯ ಯೋಜನೆ ಶುರುವಾದದ್ದು 1981-82ರಲ್ಲಿ. ಇಷ್ಟು ವರ್ಷದಲ್ಲಿ ನಮ್ಮ ಕಡೆ ಗುಂಡಿಯ ಬಗ್ಗೆ ಮಾತಾಡಿದಷ್ಟು ಒಲೆಯ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಗುಂಡಿ ಆಯಿತು, ಫೋಟೊ ಆಯಿತು, ಒಲೆಗೆ "ಇದ್ದದ್ದನ್ನೇ ಕೊರೆಸಿಕೊಳ್ಳಿ" ಎಂಬ ಮಾತು. ಗುಂಡಿ ಗಂಡಸರ ವ್ಯವಹಾರ, ಒಲೆ ಹೆಂಗಸರದ್ದು. ಖರ್ಚು ಉಳಿಸಿದ್ದು ಎಲ್ಲಿ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಸಾವಿರಾರು ರೂಪಾಯಿ ಹಾಕಿ ಕೆಂಪುಕಲ್ಲಿನ ನೆಲ ಅಗೆದು ಡೋಮ್ ಕಟ್ಟಿಸಿದ ಮನೆಯಲ್ಲಿ ಒಂದು ಸರಿಯಾದ ಒಲೆಗೆ ದುಡ್ಡಿಲ್ಲ ಎಂದರೆ ನನಗೆ ನಂಬಲು ಕಷ್ಟ. ಚಿಕ್ಕಮ್ಮನ ಮನೆಯಲ್ಲೂ ಜೆಟ್ ಕೊರೆಸುವ ದಿನ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಇನ್ನೊಂದು ಆಕ್ಷೇಪ: "ಇಷ್ಟ್ ವರ್ಷ ಎಂತದೂ ಆಯ್ಲ." ನಿಜ, ಆಗಲಿಲ್ಲ. ಯಾಕೆಂದರೆ ಇಷ್ಟು ವರ್ಷ ಹಟ್ಟಿಯಲ್ಲಿ ದನ ಇತ್ತು, ಒಲೆ ಬದಲಾಯಿಸಿದವರು ಮನೆಯಲ್ಲಿದ್ದರು, ಅವರಿಗೆ ನೆನಪಿತ್ತು. ಈಗ ಮೂರೂ ಇಲ್ಲದ ಮನೆಗಳು ಹೆಚ್ಚುತ್ತಿವೆ.

ಪೈಪ್ ಗ್ಯಾಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ನೈಸರ್ಗಿಕ ಅನಿಲ ಕೊಡುವ ಹಕ್ಕು 2018ರ ಒಂಬತ್ತನೇ ಸುತ್ತಿನ ಬಿಡ್ಡಿಂಗಿನಲ್ಲಿ ಅದಾನಿ ಗ್ಯಾಸ್‌ಗೆ ಹೋಯಿತು, ದಕ್ಷಿಣ ಕನ್ನಡದ್ದು ಗೇಲ್ ಗ್ಯಾಸ್‌ಗೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಪೈಪ್‌ಲೈನನ್ನು ಪ್ರಧಾನಿ ಉದ್ಘಾಟಿಸಿದ್ದು 2021ರ ಜನವರಿ 5ರಂದು. ಪೇಟೆಯ ಫ್ಲ್ಯಾಟುಗಳಿಗೆ ಮೊದಲು, ನಮ್ಮ ಹಳ್ಳಿ ಮನೆಗಳಿಗೆ ಆಮೇಲೆ. ಗದ್ದೆ, ಹೊಳೆ, ಗುಡ್ಡೆ ದಾಟಿ ಒಂದೊಂದು ಮನೆಗೆ ಪೈಪ್ ಎಳೆಯುವುದು ಬೇಗ ಆಗುವ ಕೆಲಸವಲ್ಲ.

ಹಾಗಾದರೆ ಹಳ್ಳಿಯವರಿಗೆ ಇದರ ಚಿಂತೆ ಈಗಲೇ ಯಾಕೆ? ಯಾಕೆಂದರೆ ಪೈಪ್ ಗ್ಯಾಸ್ ಬರುವ ಮೊದಲೇ ಪೈಪ್ ಗ್ಯಾಸಿನ ಒಲೆ ಬಂದಿದೆ. ಕುಂದಾಪುರ, ಬೈಂದೂರು ಕಡೆಯವರು ಹೋಟೆಲ್ ಕೆಲಸಕ್ಕೆ, ವ್ಯಾಪಾರಕ್ಕೆ ಹೋಗಿ ನೆಲೆಸಿದ್ದು ಮುಂಬೈಯಲ್ಲಿ, ಬೆಂಗಳೂರಿನಲ್ಲಿ. ಮುಂಬೈಯಲ್ಲಿ ಮಹಾನಗರ್ ಗ್ಯಾಸ್ ಕಂಪನಿ ಶುರುವಾದದ್ದು 1995ರಲ್ಲಿ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲೂ ಈಗ ಪೈಪ್ ಗ್ಯಾಸ್. ಮನೆ ಬದಲಾಯಿಸುವಾಗ, ಹೊಸ ಒಲೆ ತೆಗೆದುಕೊಂಡಾಗ ಹಳೆಯದು ಎಲ್ಲಿಗೆ ಹೋಗುತ್ತದೆ? ಊರಿಗೆ. "ಅಮ್ಮನಿಗೆ ಆಗುತ್ತದೆ" ಎಂದು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಕಳಿಸುತ್ತಾರೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಅದರ ಜೆಟ್ ಪಿಎನ್‌ಜಿಗೆ ಬದಲಾಯಿಸಿದ್ದು ಎಂದು ಕಳಿಸುವವರಿಗೂ ಮರೆತಿರುತ್ತದೆ. ಪಿಎನ್‌ಜಿ ಜೆಟ್ಟಿನ ತೂತು 1.2 ಮಿಲಿಮೀಟರ್ ಎಂದಿಟ್ಟುಕೊಂಡರೂ 0.8ರ ತೂತಿಗಿಂತ ಎರಡು ಪಟ್ಟಿಗೂ ಹೆಚ್ಚು ಗ್ಯಾಸ್ ಬಿಡುತ್ತದೆ. ತಲೆಯ ಮಟ್ಟಕ್ಕೆ ಏಳದಿದ್ದರೂ ಹಳದಿ ಬೆಂಕಿ, ಪಾತ್ರೆಗೆ ಮಸಿ, ಸಿಲಿಂಡರ್ ತಿಂಗಳಿಗೆ ಮೊದಲೇ ಖಾಲಿ. ಏಜೆನ್ಸಿಯವರು ತೂಕದಲ್ಲಿ ಮೋಸ ಮಾಡಿದರು ಎಂದು ಅಮ್ಮ ಬೈಯುತ್ತಾ ಕೂರುತ್ತಾರೆ.

ಪರವೂರಿನಿಂದ ಒಲೆ ಕಳಿಸುವ ಮಕ್ಕಳೇ, ಇದನ್ನು ಓದುತ್ತಿದ್ದರೆ ದಯವಿಟ್ಟು ಅದಕ್ಕೊಂದು ಚೀಟಿ ಅಂಟಿಸಿ: ಪೈಪ್ ಗ್ಯಾಸಿನದ್ದು, ಸಿಲಿಂಡರಿಗೆ ಆಗದು. ಜೆಟ್ ಬದಲಾಯಿಸಿದವರು ಹಳೆಯ ಜೆಟ್ ಕೊಟ್ಟಿದ್ದರೆ ಅದನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಕಳಿಸಿ. ಕಂಪನಿಯ ಒಲೆಯಾದರೆ ಅದೇ ಕಂಪನಿಯ ಸರ್ವಿಸಿನವರು ಮೂಲ ಜೆಟ್ ಹಾಕಿ ಕೊಡುತ್ತಾರೆ. ಪೈಪ್ ಗ್ಯಾಸಿನಲ್ಲಿ ಹಿತ್ತಾಳೆ ಸವೆಯುವ ತೊಂದರೆ ಇಲ್ಲದ ಕಾರಣ ಇಲ್ಲಿ ನಾನು ಗೋಬರ್ ಗ್ಯಾಸ್ ಒಲೆಯಷ್ಟು ಹಟ ಹಿಡಿಯುವುದಿಲ್ಲ.

ಪೈಪ್ ಬಂದ ದಿನ ಏನು ಕೇಳಬೇಕು ಎಂದು ಈಗಲೇ ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲಿನಿಂದ ಮಾಡಿದ ಗ್ಯಾಸ್ ಮನೆಮನೆಗೆ ಬರುತ್ತಿತ್ತು. 1965ರಲ್ಲಿ ಅವರಿಗೆ ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅದು ಹಳೆಯದಕ್ಕಿಂತ ಎರಡು ಪಟ್ಟು ಶಾಖದ್ದು. ಹಳೆಯ ಜೆಟ್ಟಿಗೆ ಹೊಸ ಗ್ಯಾಸ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೀವೀಗ ಹೇಳಬಲ್ಲಿರಿ, ಚಿಕ್ಕಮ್ಮನ ಮನೆಯ ಕತೆಯೇ. ಅವರು 1967ರಿಂದ 1977ರವರೆಗೆ ಹತ್ತು ವರ್ಷ ಹಿಡಿದು, ಬೀದಿ ಬೀದಿಗೆ ಜನ ಕಳಿಸಿ, 1.3 ಕೋಟಿಗೂ ಮಿಕ್ಕಿದ ಗ್ರಾಹಕರ ಒಲೆ, ಹೀಟರ್ ಎಲ್ಲವನ್ನೂ ಒಂದೊಂದಾಗಿ ಬದಲಾಯಿಸಿದರು. ಬದಲಾಯಿಸಿದ ಖರ್ಚು ಗ್ಯಾಸ್ ಸಂಸ್ಥೆಯದ್ದು. ಮನೆಯವರು ಮೆಕ್ಯಾನಿಕ್ ಹುಡುಕಿಕೊಂಡು ಹೋಗಲಿಲ್ಲ. ಗ್ಯಾಸ್ ಬದಲಿಸಿದವನೇ ಒಲೆಯ ಜವಾಬ್ದಾರಿ ಹೊತ್ತ.

ನಮ್ಮಲ್ಲೂ ಇದು ಹೀಗೆಯೇ ಆಗಬೇಕು. ಪೈಪ್ ಹಾಕಿ ಮೀಟರ್ ಕೂರಿಸಿ ಹೋಗುವವರ ಹತ್ತಿರ ಒಲೆಯ ಜೆಟ್ಟನ್ನೂ ಅವರೇ ಬದಲಾಯಿಸಲಿ ಎಂದು ಪಟ್ಟು ಹಿಡಿಯಬೇಕು. ಕೊರೆಯುವುದಲ್ಲ, ಬದಲಾಯಿಸುವುದು. ಕಳಚಿದ ಹಳೆಯ ಜೆಟ್ ನಮ್ಮ ಕೈಗೆ ಕೊಡಬೇಕು. ಒಲೆಯ ಹಿಂದೆ ದಿನಾಂಕ, ಗ್ಯಾಸಿನ ಹೆಸರು ಬರೆದ ಚೀಟಿ ಅಂಟಿಸಬೇಕು. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರು ಪಿಎನ್‌ಜಿಗೆಂದೇ ಬೇರೆ ಬರ್ನರ್ ತಯಾರಿಸಿದ್ದಾರೆ, ಸಿಲಿಂಡರ್ ಒಲೆಯ ಜೆಟ್ ಮಾತ್ರ ಬದಲಿಸಿದರೆ ಗ್ಯಾಸ್ ಹೆಚ್ಚು ಪೋಲಾಗುತ್ತದೆ ಎಂಬ ಕಾರಣಕ್ಕೆ. ಹಾಗಾಗಿ ಒಲೆ ಹೇಗೂ ಹಳೆಯದಾಗಿದ್ದರೆ ಪಿಎನ್‌ಜಿಯದ್ದೇ ಕೊಂಡುಕೊಳ್ಳುವುದು ಲಾಭ. ಮತ್ತೊಂದು ಗಮನದಲ್ಲಿರಲಿ: ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮಾಡಿನ ಕಡೆಗೆ ಏರುತ್ತದೆ. ಸಿಲಿಂಡರಿಗೆಂದು ಬಾಗಿಲ ಕೆಳಗೆ ಬಿಟ್ಟ ಸಂದು ಅದಕ್ಕೆ ಸಾಲದು, ಮೇಲ್ಗಡೆ ಗಾಳಿ ಕಿಂಡಿ ಬೇಕು. ಹಂಚಿನ ಮನೆಯವರಿಗೆ ಇದರ ಚಿಂತೆ ಕಡಿಮೆ, ತಾರಸಿ ಮನೆಯವರು ಯೋಚಿಸಬೇಕು.

ಸಿಲಿಂಡರ್ ಏಜೆನ್ಸಿಗಳಿಗೂ ಒಂದು ಮಾತು ಹೇಳಬೇಕು. ಐದು ವರ್ಷಕ್ಕೊಮ್ಮೆ ಮನೆಗೆ ಬಂದು ಸುರಕ್ಷತಾ ತಪಾಸಣೆ ಮಾಡುವ ಕ್ರಮ ಇದೆ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಟ್ಯೂಬ್ ಹಿಡಿದು ನೋಡಿದರು, ಹೊಸ ಟ್ಯೂಬ್ ಮಾರಿದರು, ಸಹಿ ಹಾಕಿಸಿಕೊಂಡು ಹೋದರು. ಒಲೆಯನ್ನು ತಿರುಗಿಸಿ ಜೆಟ್ ನೋಡಲಿಲ್ಲ. ಹಟ್ಟಿ ಇರುವ ಮನೆಯಲ್ಲಿ "ಗೋಬರ್ ಗ್ಯಾಸ್ ಇದೆಯಾ, ಒಲೆ ಯಾವುದು" ಎಂದು ಕೇಳಲಿಕ್ಕೆ ಒಂದು ನಿಮಿಷ ಸಾಕು. ತಪಾಸಣೆಯ ಫಾರಂನಲ್ಲಿ ಈ ಪ್ರಶ್ನೆ ಸೇರಿಸಲು ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ ಏಜೆನ್ಸಿಗೆ ಕಳಿಸಿದರೆ ತಪ್ಪೇನಿಲ್ಲ. ದನ ಎಷ್ಟು, ಯಾರ ಮನೆಯಲ್ಲಿ ಗುಂಡಿ ಇದೆ ಎಂಬುದು ಹಾಲಿನ ಡೈರಿಯ ಕಾರ್ಯದರ್ಶಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಒಂದು ಮನೆಯಿಂದ ಹಾಲು ಬರುವುದು ನಿಂತಿತು ಎಂದರೆ ಕೆಲವೇ ವಾರದಲ್ಲಿ ಆ ಮನೆಯ ಗೋಬರ್ ಗ್ಯಾಸೂ ನಿಲ್ಲುತ್ತದೆ. ಆಗ ಡೈರಿಯಿಂದ ಒಂದು ಫೋನ್ ಹೋದರೆ ಎಷ್ಟೋ ಒಳ್ಳೆಯದು.

ಸರಕಾರ, ಏಜೆನ್ಸಿ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಒಲೆ ಕೊರೆದದ್ದೋ ಅಲ್ಲವೋ ನೋಡಲು ಹೀಗೆ ಮಾಡಿ. ಸಿಲಿಂಡರಿನ ರೆಗ್ಯುಲೇಟರ್ ತೆಗೆದಿಡಿ, ಗೋಬರ್ ಗ್ಯಾಸಿನ ವಾಲ್ವ್ ಮುಚ್ಚಿ, ಒಲೆ ತಣ್ಣಗಾಗಲಿ. ಬರ್ನರ್ ಎತ್ತಿ ಒಲೆಯನ್ನು ಹಿಂದುಮುಂದು ಮಾಡಿ, ನಾಬಿನ ಹಿಂದಿನ ಹಿತ್ತಾಳೆ ತಿರುಪಿನ ಬಾಯಿಗೆ ಫೋನಿನ ಟಾರ್ಚ್ ಹಿಡಿಯಿರಿ. ಹೊಲಿಗೆ ಸೂಜಿಯ ತುದಿ ಮಾತ್ರ ಹೋಗುವಷ್ಟು ತೂತಿದ್ದರೆ ಸಿಲಿಂಡರಿನದ್ದು. ಅಗರಬತ್ತಿಯ ಕಡ್ಡಿ ಹೋಗುವಷ್ಟು ಇದ್ದರೆ ಕೊರೆದದ್ದು ಎಂದೇ ತಿಳಿಯಿರಿ. ಸಂಶಯ ಬಂದರೆ ಪ್ರಯೋಗ ಮಾಡಿ ನೋಡಬೇಡಿ, ಒಲೆಯನ್ನು ಕೆಳಗಿಡಿ. ಕೊರೆದ ಒಲೆ ಇನ್ನೂ ಗೋಬರ್ ಗ್ಯಾಸಿಗೆ ಬಳಕೆಯಲ್ಲಿದ್ದರೆ ಅದರ ಮೈಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಒಂದು ದನದ ಚಿತ್ರವನ್ನಾದರೂ ಬಿಡಿಸಿ. ಓದಲು ಬಾರದ ಅಜ್ಜಿಗೂ, ಕನ್ನಡ ಓದದ ಮೊಮ್ಮಗನಿಗೂ ಅರ್ಥವಾಗುತ್ತದೆ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಯಾವ ಕಂಪನಿಯದ್ದಾದರೂ ನಂಬರ್ ಅದೇ.

ಚಿಕ್ಕಮ್ಮನ ಮನೆಗೆ ಈಗ ಹೊಸ ಒಲೆ ಬಂದಿದೆ. ಹಳೆಯದು ಕೊಟ್ಟಿಗೆಯ ಮೂಲೆಯಲ್ಲಿತ್ತು. ಮೊನ್ನೆ ಗುಜರಿಯವನು ಬಂದಾಗ ಸ್ಟೀಲ್ ಚೆನ್ನಾಗಿದೆ ಎಂದು ಒಳ್ಳೆಯ ರೇಟು ಹೇಳಿದನಂತೆ, ಪಾಲಿಶ್ ಮಾಡಿ ಮಾರಬಹುದು ಎಂದನಂತೆ. ಚಿಕ್ಕಮ್ಮ ಅದನ್ನು ಕೊಡಲಿಲ್ಲ. ಚಿಕ್ಕಪ್ಪನ ಹತ್ತಿರ ಪಾನಾ ತರಿಸಿ ಎರಡೂ ಜೆಟ್ ಕಿತ್ತು, ವಾಲ್ವುಗಳನ್ನು ಸುತ್ತಿಗೆಯಲ್ಲಿ ಜಜ್ಜಿಸಿ, ಆಮೇಲೆ ಕಬ್ಬಿಣದ ತೂಕಕ್ಕೆ ಹಾಕಿದರಂತೆ. "ರೇಟ್ ಕಮ್ಮಿ ಸಿಕ್ಕಿತ್ ಮಗಾ, ಹೋಯ್ಲಿ" ಎಂದರು.